ಅರವತ್ತನಾಲ್ಕು ಚುಕ್ಕಿಯಲ್ಲಿ ಆಟೊ ಸಂಘ

ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವವರು ನಗುವುದಕ್ಕಾಗಿ ಬೇರೆಲ್ಲೂ ಹೋಗಬೇಕಾಗಿಲ್ಲ. ಷಟರ್ ಎತ್ತಿದರೆ ಸಾಕು, ಯಾರಾದರೊಬ್ಬರು ತಮ್ಮ ಮುಖದ ಬಗ್ಗೆ ತಕರಾರು ತೆಗೆದುಕೊಂಡು ಒಳಗೆ ಬಂದೇ ಬರುತ್ತಾರೆ.

ನಾನು ಬಸವಕಲ್ಯಾಣದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್. ಮನೆ ಹುಮನಾಬಾದಿನಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಮುಖಗಳು. ನಮ್ಮ ಕಡೆ ಬ್ಯಾನರ್ ಹಾಕಿದರೆ ಹುಟ್ಟುಹಬ್ಬ ಯಾರದು ಎಂದು ಯಾರೂ ನೋಡುವುದಿಲ್ಲ. ಕೆಳಗಿನ ಶುಭಕೋರುವವರ ಸಾಲಿನಲ್ಲಿ ಯಾರ ಮುಖ ಎಷ್ಟು ದೊಡ್ಡದು, ಯಾರು ಯಾರ ಪಕ್ಕಕ್ಕೆ, ಇಷ್ಟೇ ನೋಡುತ್ತಾರೆ. ಆ ಸಾಲು ಕೂಡಿಸುವುದರಲ್ಲಿ ನನ್ನನ್ನು ಮೀರಿಸುವವರು ಎರಡು ತಾಲೂಕಿನಲ್ಲಿ ಇಲ್ಲ. ಹತ್ತು ಫೂಟಿನಲ್ಲಿ ಇಡೀ ಓಣಿಯನ್ನು ಕೂಡಿಸಿ, ಒಬ್ಬರಿಗೂ ಬೇಜಾರಾಗದ ಹಾಗೆ ಮಾಡಿದವಳು ನಾನು. ಮಾಡಿದ ಕೆಲಸವನ್ನು ಮತ್ತೆ ತಿರುಗಿ ನೋಡುವ ಚಾಳಿಯೂ ನನಗಿಲ್ಲ. ಸರಿಯಾಗಿಯೇ ಇರುತ್ತದೆ.

ಬಿಡುವಿದ್ದಾಗ ನಾನು ಮೊಬೈಲ್ ಆಟಕ್ಕೆ ಲೆವೆಲ್ ಕಟ್ಟುತ್ತೇನೆ. ಗಾಡಿ ಓಡಿಸುವ ಆಟ ಅದು. ಆಡುವವರೇ ರಸ್ತೆ ಹಾಕಿ, ಅಂಗಡಿ ಇಟ್ಟು, ತಮ್ಮ ಚಿತ್ರಗಳನ್ನು ಅಂಟಿಸಿ ಹೊಸ ಲೆವೆಲ್ ಮಾಡಿ ಕಳಿಸಬಹುದು. ಆಟದವರು ನೋಡಿ ಒಪ್ಪಿದರೆ ಎಲ್ಲರೂ ಆಡಬಹುದು. ನಾನು ದಿನಾ ಓಡಾಡುವ ದಾರಿಯನ್ನೇ ಮಾಡಿದ್ದೆ. ಬಸವಕಲ್ಯಾಣದ ಆಟೊ ಸ್ಟ್ಯಾಂಡಿನಿಂದ ಹೊರಟರೆ ಸಸ್ತಾಪುರ ಬಂಗ್ಲಾ, ರಾಜೇಶ್ವರ ದಾಟಿ ಹುಮನಾಬಾದ್ ಬಾಜಾರಿನಲ್ಲಿ ಮುಗಿಯುತ್ತದೆ. ಸೀಟು ತುಂಬುವವರೆಗೆ ಕಾಯುವ ನಮ್ಮ ಶೇರ್ ಆಟೊದವರಿಗೆ ಇದು ಬಹಳ ಹಿಡಿಸಿತು. ನಿಜವಾದ ರಸ್ತೆಯಲ್ಲಿ ಓಡಿಸಿ ಬಂದು, ಸ್ಟ್ಯಾಂಡಿನಲ್ಲಿ ಕೂತು ಅದೇ ರಸ್ತೆಯನ್ನು ಮತ್ತೆ ಓಡಿಸುತ್ತಿದ್ದರು.

ಮುಂದಿನದೆಲ್ಲ ಅದರಿಂದಲೇ ಶುರುವಾಯಿತು.

ನಾಲ್ಕು ಇಂಚಿನ ಕಮಾನು

ಒಂದು ದಿನ ಆಟೊ ಸಂಘದ ಅಧ್ಯಕ್ಷರು ಅಂಗಡಿಗೆ ಬಂದರು. ಇಸ್ತ್ರಿ ಮಾಡಿದ ಖಾಕಿ ಅಂಗಿ, ದೊಡ್ಡ ಮೀಸೆ. ಹಿಂದೆ ಉಪಾಧ್ಯಕ್ಷರು. ಅವರದೂ ದೊಡ್ಡ ಮೀಸೆಯೇ, ಆದರೆ ಅಧ್ಯಕ್ಷರ ಎದುರಿಗೆ ಅದನ್ನು ತಿರುವುವುದಿಲ್ಲ.

“ಅಕ್ಕೋರೆ, ನೀವ್ ಮಾಡಿದ ರೋಡಿನ ಮ್ಯಾಲ ನಮ್ಮ ಮಂದಿ ದಿನಾ ಓಡಾಕತ್ತಾರ. ಖರೆ, ಸ್ಟ್ಯಾಂಡಿನ್ಯಾಗ ನಮ್ಮ ಸಂಘದ ಕಮಾನೇ ಇಲ್ಲ. ಒಂದ್ ಕಮಾನ್ ಹಾಕ್ರಿ. ಅದರ ಮ್ಯಾಲ ಎಲ್ಲಾ ಮೆಂಬರ್ ಮಾರಿ ಬರಬೇಕು. ಸಂಘದ ವಾರ್ಷಿಕದ ದಿನ ಎಲ್ಲಾರ ಮುಂದ ತೋರಸ್ತೀವಿ,” ಎಂದರು ಅಧ್ಯಕ್ಷರು.

ಅವರು ಅತ್ತ ಹೋದದ್ದೇ ತಡ, ನಮ್ಮ ಮಾಲಕರು ನನ್ನ ಹತ್ತಿರ ಕುರ್ಚಿ ಎಳೆದುಕೊಂಡರು. “ತಂಗಿ, ಇವ್ರು ವರ್ಷಪೂರ್ತಿ ಬ್ಯಾನರ್ ಮಾಡಸೋ ಗಿರಾಕಿ. ಇವ್ರ ಖುಷ್ ಆದ್ರ ಹುಮನಾಬಾದಿನ ಆಟೊದವ್ರೂ ನಮ್ಮ ಕಡೀನೇ ಬರ್ತಾರ. ಹಾಂಗಾದ್ರ ಅಲ್ಲೊಂದು ಅಂಗಡಿ ತಗೀತೀನಿ. ಅದು ನೀನೇ ನಡಸು. ಇವ್ರ ಸಿಟ್ಟಾದ್ರ ಮಾತ್ರ ಆ ಮಾತ್ ಮರತಬಿಡು.”

ಹುಮನಾಬಾದಿನಲ್ಲಿ ನನ್ನದೇ ಕೈಯಲ್ಲಿ ಅಂಗಡಿ. ಬಸ್ಸಿಲ್ಲ, ಅದರಲ್ಲಿ ನಿಂತುಕೊಂಡು ಹೋಗುವ ಕಾಟವಿಲ್ಲ, ಮಧ್ಯಾಹ್ನದ ಊಟಕ್ಕೆ ಮನೆ. ಅದು ನನಗೆ ಎಷ್ಟು ಬೇಕಾಗಿತ್ತು ಎಂದರೆ, ಮಾಲಕರು ಮಾತು ಮುಗಿಸುವುದರೊಳಗೆ ಅಂಗಡಿಯ ಬೋರ್ಡಿನ ಬಣ್ಣವನ್ನೂ ಮನಸ್ಸಿನಲ್ಲಿ ಆರಿಸಿಬಿಟ್ಟಿದ್ದೆ.

ತೊಡಕು ಒಂದೇ. ಆ ಆಟದಲ್ಲಿ ಹಚ್ಚುವ ಯಾವ ಚಿತ್ರವಾದರೂ ಅರವತ್ತನಾಲ್ಕು ಚುಕ್ಕಿ ಉದ್ದ, ಅರವತ್ತನಾಲ್ಕು ಚುಕ್ಕಿ ಅಗಲದ ಒಳಗಿರಬೇಕು. ಪರದೆಯ ಮೇಲಿನ ಚಿತ್ರವೆಲ್ಲ ಸಣ್ಣ ಸಣ್ಣ ಬಣ್ಣದ ಚುಕ್ಕಿಗಳಿಂದಲೇ ಆಗುವುದಲ್ಲವೇ, ಆ ಚುಕ್ಕಿ. ಒಂದು ಹೆಚ್ಚಾದರೂ ‘ಚಿತ್ರ ದೊಡ್ಡದಾಗಿದೆ’ ಎಂದು ಕೆಂಪು ಅಕ್ಷರದಲ್ಲಿ ತೋರಿಸಿ ವಾಪಸು ಎಸೆಯುತ್ತದೆ. ಒಂದು ಕಮಾನಿಗೆ ಒಂದೇ ಚಿತ್ರ.

ಮಾಲಕರ ಇಡೀ ಜೀವನ ಫೂಟಿನಲ್ಲಿ ನಡೆದಿದೆ. “ಆ ಕಮಾನ್ ಎಷ್ಟ್ ಫೂಟ್?” ಎಂದು ಕೇಳಿದರು.

“ಫೂಟ್ ಇಲ್ರಿ ಮಾಲಕರೆ. ಅರವತ್ನಾಕ್ ಚುಕ್ಕಿ.”

“ಹಳೀ ಗಿರಾಕಿ ಅವ್ರು. ನೂರ್ ಮಾಡು.”

“ನೂರ್ ಮಾಡಿದ್ರ ಅದು ತೊಗೊಳಲ್ರಿ.”

“ಹಾಂಗಾದ್ರ ಎರಡ್ ತುಂಡ್ ಮಾಡಿ ನಡುವ ಪೇಸ್ಟಿಂಗ್ ಹೊಡಿ.”

“ಅದೂ ಬರಲ್ರಿ.”

“ಆಟದ ಮಾಲಕಗ ಫೋನ್ ಹಚ್ಚು. ನಾ ಮಾತಾಡ್ತೀನಿ. ಅವಾ ಮಾಲಕ, ನಾ ಮಾಲಕ.”

ಆಟದ ಮಾಲಕ ಯಾವ ದೇಶದಲ್ಲಿದ್ದಾನೋ ನನಗೂ ಗೊತ್ತಿಲ್ಲ ಎಂದೆ. ಮಾಲಕರು ಕಿಸೆಯಿಂದ ಸ್ಟೀಲ್ ಟೇಪು ತೆಗೆದು, ಕಂಪ್ಯೂಟರಿನ ಪರದೆಗೇ ಹಚ್ಚಿ, ಕಮಾನನ್ನು ಈ ಕಡೆಯಿಂದ ಆ ಕಡೆ ಅಳೆದರು. ಕನ್ನಡಕ ಏರಿಸಿ ಮತ್ತೊಮ್ಮೆ ಅಳೆದರು.

“ನಾಕ್ ಇಂಚ್ ಅದ. ನಾಕ್ ಇಂಚಿನ್ಯಾಗ ಇಡೀ ಸಂಘ ಹ್ಯಾಂಗ ಕೂಡತದ?” ಟೇಪು ಕಿಸೆಗೆ ಹಾಕಿಕೊಂಡು ಅವರೇ ದಾರಿ ಹೇಳಿದರು. “ಕುಂಡ್ರಸಬ್ಯಾಡ. ಎಲ್ಲಾರಿಗಿ ನಿಂದ್ರಸು.”

ಫೋಟೊ ತಂದವರು

ಮರುದಿನದಿಂದ ಸದಸ್ಯರು ಒಬ್ಬೊಬ್ಬರಾಗಿ ಫೋಟೊ ತರಲು ಶುರು ಮಾಡಿದರು. ಸಾದಾ ಫೋಟೊ ತನ್ನಿ ಎಂದು ಹೇಳಿದ್ದೆ. ಸಾದಾ ಫೋಟೊ ಯಾರ ಮನೆಯಲ್ಲೂ ಇರಲಿಲ್ಲ.

ಒಬ್ಬರು ಮದುವೆಯ ಫೋಟೊ ತಂದರು. ಹೂವಿನ ಹಾರ, ಬಾಸಿಂಗ, ಭುಜದ ಮೇಲೆ ಹೆಂಡತಿಯ ಕೈ. “ಇಷ್ಟ್ ಚಂದ ನಾ ಮತ್ತ ಎಂದೂ ಕಂಡಿಲ್ರಿ,” ಎಂದರು. ಹೆಂಡತಿಯ ಕೈಯನ್ನು ಅಳಿಸಲೇ ಎಂದು ಕೇಳಿದೆ. “ಅಳಸ್ರಿ. ಖರೆ ಆಕಿಗಿ ಗೊತ್ತಾಗದಂಗ ಅಳಸ್ರಿ,” ಎಂದು ಸುತ್ತ ನೋಡಿದರು.

ಮುಡಬಿಯಿಂದ ಬಂದವರ ಫೋಟೊದಲ್ಲಿ ತಲೆ ತುಂಬ ಗುಂಗುರು ಕೂದಲು. ಎದುರಿಗೆ ನಿಂತವರ ತಲೆ ನುಣ್ಣಗೆ ಹೊಳೆಯುತ್ತಿತ್ತು. ನಾನು ಫೋಟೊ ನೋಡಿದೆ, ಅವರನ್ನು ನೋಡಿದೆ. “ದಿನಾ ಬೋಳ ಇದ್ದೇ ಅದ. ಆಟದಾಗೂ ಬೋಳ ಆಗಬೇಕೇನ್ರಿ?” ಎಂದು ಅವರೇ ಕೇಳಿದರು. ನ್ಯಾಯವಾದ ಮಾತು. ಕೂದಲು ಉಳಿಸಿಕೊಂಡೆ.

ಮಂಠಾಳದವರೊಬ್ಬರು ತಮ್ಮ ಫೋಟೊ ಬಿಟ್ಟು ಆಟೊದ ಫೋಟೊ ಕೊಟ್ಟರು. ಮುಖ ಎಲ್ಲಿ ಎಂದರೆ, “ಮಂದಿಗಿ ನನ್ನ ಮಾರಿ ಗುರ್ತ ಸಿಗಲ್ರಿ. ಗಾಡಿ ನೋಡಿದ್ರನೇ ನಮಸ್ಕಾರ ಮಾಡ್ತಾರ,” ಎಂದರು.

ಚಿಟಗುಪ್ಪದವರು ಎರಡು ಫೋಟೊ ತಂದಿದ್ದರು. ಒಂದರಲ್ಲಿ ಹಲ್ಲು ಬಿಟ್ಟು ನಗು, ಇನ್ನೊಂದರಲ್ಲಿ ಮುಖ ಗಂಟು. ಯಾವುದು ಹಾಕಲಿ ಎಂದು ಕೇಳಿದೆ.

“ದಿನಾ ನಗೂದು ಇರ್ಲಿ ಅಕ್ಕೋರೆ,” ಎಂದರು. “ಅಧ್ಯಕ್ಷರು ಆಡಾಕ ಕುಂತಾಗಷ್ಟ ಇನ್ನೊಂದು ಬರೂವಂಗ ಮಾಡ್ರಿ.”

ಮಾಸ್ತರರ ಫಲಕ

ಈ ಗದ್ದಲವನ್ನೆಲ್ಲ ದಿನಾ ನೋಡುತ್ತಿದ್ದವರು ಅಂಗಡಿಯ ಪಕ್ಕದ ಮನೆಯ ಮಾಸ್ತರರು. ಇತಿಹಾಸ ಕಲಿಸಿ ನಿವೃತ್ತರಾದವರು. ಪೇಪರ್ ಓದಲು ನಮ್ಮಲ್ಲಿಗೆ ಬರುತ್ತಾರೆ. ಲೆವೆಲ್‌ನಲ್ಲಿ ಸ್ಟ್ಯಾಂಡಿನ ಹಿಂದೆ ನಾನು ಕೋಟೆಯ ಗೋಡೆಯನ್ನೂ ಇಟ್ಟಿದ್ದೆ. ಅದನ್ನು ನೋಡಿ ಅವರಿಗೆ ಹುರುಪು ಬಂತು.

“ಕ್ವಾಟಿ ಮುಂದ ಒಂದ್ ಫಲಕ ಬೇಕು,” ಎಂದು ಪೂರಾ ಇತಿಹಾಸ ಬರೆದು ತಂದರು. ನಾಲ್ಕು ಹಾಳೆ, ಎರಡೂ ಮಗ್ಗುಲು.

ಅರವತ್ತನಾಲ್ಕು ಚುಕ್ಕಿಯಲ್ಲಿ ಎರಡು ಸಾಲು ಹಿಡಿಸಿದರೆ ಹೆಚ್ಚು, ಇಷ್ಟನ್ನೂ ಹಾಕಿದರೆ ಇರುವೆ ಓಡಾಡಿದ ಹಾಗೆ ಕಾಣುತ್ತದೆ, ಒಂದಕ್ಷರವೂ ಓದಲು ಬರುವುದಿಲ್ಲ ಎಂದು ಬಿಡಿಸಿ ಹೇಳಿದೆ.

ಮಾಸ್ತರರು ಸ್ವಲ್ಪವೂ ಅಲುಗಲಿಲ್ಲ. “ಮೂವತ್ತ್ ವರ್ಷ ನಾ ಬೋರ್ಡಿನ ಮ್ಯಾಲ ಬರದಿದ್ದು ಯಾರ್ ಓದ್ಯಾರವ್ವ? ನೀ ಬರಿ.”

ಬರೆದೆ. ಇವತ್ತಿಗೂ ಆ ಫಲಕ ಅಲ್ಲಿದೆ. ಗಾಡಿಗಳು ಅದಕ್ಕೆ ಡಿಕ್ಕಿ ಹೊಡೆಯುತ್ತವೆ.

ಮೀಸೆಗೆ ಎಷ್ಟು

ಎಲ್ಲರ ಮುಖಗಳನ್ನೂ ಕೂಡಿಸಿ ಮೊದಲ ಸಲ ಚಿತ್ರವನ್ನು ಅರವತ್ತನಾಲ್ಕು ಚುಕ್ಕಿಗೆ ಇಳಿಸಿದಾಗ, ಮೂವತ್ತಕ್ಕೂ ಹೆಚ್ಚು ಮಂದಿ ಜೋಳದ ಕಾಳಾಗಿ ಕೂತರು. ಮೂಗು ಇಲ್ಲ, ಕಿವಿ ಇಲ್ಲ. ಅಧ್ಯಕ್ಷರು ಪರೀಕ್ಷೆಗೆ ಬಂದರು.

“ಇದರಾಗ ನಾ ಎಲ್ಲಿ?”

ನಡುವಿನ ದೊಡ್ಡ ಕಾಳನ್ನು ತೋರಿಸಿದೆ.

“ನನ್ನ ಮೀಸಿ?”

“ಚುಕ್ಕಿ ಸಾಲಲಿಲ್ರಿ.”

ಅಧ್ಯಕ್ಷರು ಮೀಸೆಯ ಮೇಲೆ ಕೈಯಾಡಿಸಿದರು, ಇದೆಯೋ ಇಲ್ಲವೋ ನೋಡಿಕೊಳ್ಳುವವರ ಹಾಗೆ. “ಮೀಸಿಗಿ ಎಷ್ಟ್ ಚುಕ್ಕಿ ಬೇಕು?”

“ಕಮ್ಮಿ ಅಂದ್ರೂ ಆರ್ ಬೇಕ್ರಿ.”

“ಎಂಟ್ ಹಾಕ್ರಿ. ಬೇಕಂದ್ರ ಮಾರಿ ಕಮ್ಮಿ ಮಾಡ್ರಿ, ಮೀಸಿ ಕಮ್ಮಿ ಮಾಡಬ್ಯಾಡ್ರಿ.”

ಅವರು ಮೆಟ್ಟಿಲು ಇಳಿದ ಮೇಲೂ ಉಪಾಧ್ಯಕ್ಷರು ಹೋಗಲಿಲ್ಲ. ದನಿ ಇಳಿಸಿ, “ಅವ್ರಿಗಿ ಎಷ್ಟ್ ಹಾಕೀರಿ?” ಎಂದು ಕೇಳಿದರು. ಎಂಟು ಎಂದೆ.

“ಹಾಂಗಾದ್ರ ನನಗ ಏಳ್ ಹಾಕ್ರಿ. ಒಂದ್ ಚುಕ್ಕಿ ಕಮ್ಮಿ ಇದ್ರ ಅದು ಮರ್ಯಾದಿ. ಎರಡ್ ಕಮ್ಮಿ ಆದ್ರ ಅದು ಅಪಮಾನ.”

ಈ ಸುದ್ದಿ ಸ್ಟ್ಯಾಂಡಿಗೆ ಮುಟ್ಟಲು ಹೊತ್ತು ಬೇಕಾಗಲಿಲ್ಲ. ಸಂಜೆಯೊಳಗೆ ಎಲ್ಲರಿಗೂ ಮೀಸೆ ಬೇಕಾಯಿತು. ನಾನು ಕಪ್ಪು ಬಣ್ಣ ತೆಗೆದುಕೊಂಡು ಒಂದು ಕಡೆಯಿಂದ ಮೀಸೆ ಎಳೆಯುತ್ತ ಬಂದೆ. ಮೀಸೆಯೇ ಇಲ್ಲದ ಒಬ್ಬರಿದ್ದರು. ಅವರನ್ನು ಬಿಟ್ಟುಬಿಡಲೇ ಎಂದರೆ ಒಪ್ಪಲಿಲ್ಲ.

“ಹಾಕಿಬಿಡ್ರಿ ಅಕ್ಕೋರೆ. ವಾರ್ಷಿಕದ ಮಟ ನಾ ಬೆಳಸ್ಕೊಂಡ್ ಬರ್ತೀನಿ.”

ಜಗಳವಾಡದ ಬದನೆಕಾಯಿ

ಮನೆಯಲ್ಲಿ ಇದನ್ನೆಲ್ಲ ಅವ್ವನ ಮುಂದೆ ಹೇಳಿ ನಗುತ್ತಿದ್ದೆ. ಅವ್ವ ಹುಮನಾಬಾದ್ ಬಾಜಾರಿನಲ್ಲಿ ತಳ್ಳುಗಾಡಿಯ ಮೇಲೆ ಕಾಯಿಪಲ್ಯ ಮಾರುತ್ತಾಳೆ. ಅವಳು ನಗಲಿಲ್ಲ.

“ಊರ ಆಟೊದವ್ರಿಗೆಲ್ಲ ಜಾಗ ಕೊಟ್ಟೀದಿ. ಬಾಜಾರ ಮಾಡೀದಿ ಅಂತೀದಿ. ಬಾಜಾರದಾಗ ನಾ ಎಲ್ಲಿ?”

ಹೆತ್ತ ತಾಯಿಯನ್ನು ಬಿಟ್ಟು ಬಾಜಾರು ಕಟ್ಟಿದ್ದು ತಪ್ಪೇ. ಲೆವೆಲ್ ಮುಗಿಯುವ ಜಾಗದಲ್ಲಿ ಒಂದು ತಳ್ಳುಗಾಡಿ ಇಡುತ್ತೇನೆ, ಮೇಲೆ ‘ತಾಜಾ ಬದನಿಕಾಯಿ’ ಎಂದು ಬೋರ್ಡು, ಗಾಡಿಯಲ್ಲಿ ನಿನ್ನದೇ ಬದನೆಕಾಯಿಯ ಫೋಟೊ ಎಂದು ಮಾತು ಕೊಟ್ಟೆ. ಮರುದಿನ ಬೆಳಿಗ್ಗೆ ಬಸ್ಸಿಗೆ ಮೊದಲು ಬಾಜಾರಿಗೆ ಹೋದೆ. ಅವ್ವ ಗುಡ್ಡೆ ಹಾಕಿ, ನೀರು ಚಿಮುಕಿಸಿ, ಸೆರಗಿನಿಂದ ಒಂದೊಂದನ್ನೇ ಒರೆಸಿ, ದೊಡ್ಡದನ್ನು ನಡುವೆ ಇಟ್ಟು ಸಿದ್ಧವಾಗಿದ್ದಳು. ಒಂದೇ ಸಲಕ್ಕೆ ಫೋಟೊ ಚೆನ್ನಾಗಿ ಬಂತು.

“ನೋಡು, ಹ್ಯಾಂಗ ಸುಮ್ನ ಕುಂತಾವ,” ಎಂದಳು ಅವ್ವ. “ಒಂದಾದ್ರೂ ಬಾಯಿ ಬಿಟ್ಟು ನಾ ನಡುವ ಕುಂಡ್ರತೀನಿ ಅಂದದೇನು?”

ಅವತ್ತು ಸಂಜೆ ಸಂಘದ ಮುಖಗಳು, ಅವ್ವನ ಬದನೆಕಾಯಿ, ಎರಡೂ ಚಿತ್ರಗಳನ್ನು ಅರವತ್ತನಾಲ್ಕು ಚುಕ್ಕಿಗೆ ಇಳಿಸಿದೆ. ಪ್ರತಿ ಚಿತ್ರಕ್ಕೂ ಆಟ ಒಂದು ಹೆಸರು ಕೇಳಿತು. ಒಂದಕ್ಕೆ ‘ಒಂದು’, ಇನ್ನೊಂದಕ್ಕೆ ‘ಎರಡು’ ಎಂದು ಕೊಟ್ಟೆ. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಗಿತ್ತು. ಕಮಾನಿಗೆ ‘ಒಂದು’, ತಳ್ಳುಗಾಡಿಗೆ ‘ಎರಡು’ ಹಚ್ಚಿ, ಅದೇ ದಾರಿಯನ್ನು ಹೊಸ ಲೆವೆಲ್ ಮಾಡಿ ಆಟದವರಿಗೆ ಕಳಿಸಿ ಎದ್ದೆ. ತಿರುಗಿ ನೋಡುವ ಚಾಳಿ ನನಗಿಲ್ಲ ಎಂದು ಮೊದಲೇ ಹೇಳಿದ್ದೇನೆ.

ಹನ್ನೆರಡು ಫೂಟಿನ ಪರದೆ

ವಾರ್ಷಿಕದ ದಿನ ಬೆಳಿಗ್ಗೆ ಹೊಸ ಲೆವೆಲ್‌ಗೆ ಒಪ್ಪಿಗೆ ಬಂತು. ಒಪ್ಪಿಗೆಯಾದ ಮೇಲೆ ಅದರಲ್ಲಿ ಏನನ್ನೂ ಬದಲಿಸಲು ಬರುವುದಿಲ್ಲ. ಬದಲಿಸುವುದೇನಿದೆ ಎಂದುಕೊಂಡು ನಾನು ಹೊಸ ಸೀರೆ ಉಟ್ಟು, ಅವ್ವನನ್ನೂ ಕರೆದುಕೊಂಡು ಬಸ್ಸು ಹತ್ತಿದೆ.

ಸಂಜೆ ಆಟೊ ಸ್ಟ್ಯಾಂಡಿನಲ್ಲಿ ಕಾರ್ಯಕ್ರಮ. ನಾಲ್ಕು ಇಂಚು ಮಾಲಕರ ಮನಸ್ಸಿನಲ್ಲಿ ಇನ್ನೂ ಚುಚ್ಚುತ್ತಲೇ ಇತ್ತು. ಅವರು ಹನ್ನೆರಡು ಫೂಟಿನ ಫ್ಲೆಕ್ಸ್ ತಂದು, ಬಿಳಿಯ ಹಿಂಬದಿ ಮುಂದೆ ಬರುವ ಹಾಗೆ ಕಟ್ಟಿಸಿ, ಪ್ರೊಜೆಕ್ಟರ್ ಬಾಡಿಗೆಗೆ ತಂದಿದ್ದರು. “ಈಗ ನೋಡು, ಎಷ್ಟ್ ಚುಕ್ಕಿ ಇದ್ರೂ ಹನ್ನೆರಡ್ ಫೂಟ್,” ಎಂದರು.

ನನ್ನ ಮೊಬೈಲನ್ನು ಜೋಡಿಸಿದರು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ಉಪಾಧ್ಯಕ್ಷರು, ಅವ್ವ. ಹಿಂದೆ ಸದಸ್ಯರೆಲ್ಲ. ನಾನು ಆಟ ಶುರು ಮಾಡಿ, ಗಾಡಿಯನ್ನು ಕಮಾನಿನ ಮುಂದೆ ತಂದು ನಿಲ್ಲಿಸಿದೆ.

ಒಂದೊಂದು ಚುಕ್ಕಿಯೂ ಇಟ್ಟಂಗಿಯಷ್ಟು ದೊಡ್ಡದಾಗಿ ಕಂಡಿತು. ಎಲ್ಲ ನೇರಳೆ ಬಣ್ಣ. ಪ್ರತಿಯೊಂದರ ನೆತ್ತಿಯ ಮೇಲೆ ಹಸಿರು.

ಚಿತ್ರಗಳು ಅದಲುಬದಲಾಗಿದ್ದವು. ಸಂಘದ ಕಮಾನಿನ ಮೇಲೆ ಅವ್ವನ ಬದನೆಕಾಯಿ ಕೂತಿತ್ತು. ಹುಮನಾಬಾದಿನ ಅಂಗಡಿ, ನನ್ನ ಬೋರ್ಡು, ಮಧ್ಯಾಹ್ನದ ಊಟ ಎಲ್ಲ ಹೋಯಿತು ಎಂದುಕೊಂಡೆ.

ಅಧ್ಯಕ್ಷರು ಎದ್ದರು. ಪರದೆಯ ಹತ್ತಿರ ಹೋಗಿ, ನಡುವಿನ ದೊಡ್ಡ ಬದನೆಕಾಯಿಯ ಮೇಲೆ ಕೈಯಿಟ್ಟರು.

“ನಡುವ ನಾ,” ಎಂದರು. “ಬರಾಬರ್ ಬಂದೀನಿ.”

“ಅವ್ರ ಬಾಜೂಕ ನಾ,” ಎಂದರು ಉಪಾಧ್ಯಕ್ಷರು, ಕೂತಲ್ಲಿಂದಲೇ.

ಆಮೇಲೆ ಎಲ್ಲರೂ ಎದ್ದು ತಮ್ಮನ್ನು ತಾವು ಹುಡುಕಿಕೊಂಡರು. ಎಲ್ಲರೂ ಸಿಕ್ಕರು. “ಎಲ್ಲಾರಿಗಿ ಹಸರ್ ರುಮಾಲ್ ಸುತ್ಯಾರ, ಭಾಳ ಚಂದ ಆಗ್ಯಾದ,” ಎಂದು ಮುಡಬಿಯವರು ನುಣ್ಣನೆಯ ತಲೆ ಸವರಿಕೊಂಡರು. “ಹೆಂಡ್ತಿ ಕೈ ಎಷ್ಟ್ ಸಾಫ್ ತಗದಾರ ನೋಡು,” ಎಂದು ಮದುವೆ ಫೋಟೊದವರು ಪಕ್ಕದವರಿಗೆ ತೋರಿಸಿದರು.

“ಜರಾ ಕಪ್ಪ ಕಾಣ್ತೀನಿ,” ಎಂದರು ಅಧ್ಯಕ್ಷರು.

“ಬಿಸಲಾಗ ಓಡಸೋರ್ರಿ ನಾವು,” ಎಂದರು ಉಪಾಧ್ಯಕ್ಷರು.

“ಖರೆ ಅದ. ಮೀಸಿ ಕಾಣವಲ್ದಲ್ಲ ಅಕ್ಕೋರೆ?”

ನನ್ನ ಧೈರ್ಯ ಅಷ್ಟರಲ್ಲಿ ಅರ್ಧ ವಾಪಸು ಬಂದಿತ್ತು. “ದೂರದಿಂದ ನೋಡಬೇಕ್ರಿ,” ಎಂದೆ.

ಅಧ್ಯಕ್ಷರು ಹಿಂದೆ ಸರಿಯುತ್ತ, ಸರಿಯುತ್ತ, ಕಟ್ಟಕಡೆಯ ಆಟೊಕ್ಕೆ ಬೆನ್ನು ತಾಗಿಸಿ ನಿಂತು ಕಣ್ಣು ಕಿರಿದು ಮಾಡಿದರು. “ಹಾಂ. ಈಗ ಕಾಣಾಕತ್ತು.”

ಚಪ್ಪಾಳೆ ಬಿತ್ತು. ಮಾಲಕರು ನನ್ನತ್ತ ನೋಡಿ ತಲೆಯಾಡಿಸಿದರು. ಬೇಗ ಆಟ ನಿಲ್ಲಿಸಿಬಿಡೋಣ ಎಂದು ನಾನು ಮೊಬೈಲಿಗೆ ಕೈ ಹಾಕಿದೆ. ಆಗ ಅವ್ವ ಕೇಳಿದಳು, “ಏನೇ, ನನ್ನ ಗಾಡಿ ಎಲ್ಲಿ?”

“ಅದು ಭಾಳ ದೂರ ಅದವ್ವ. ಮನ್ಯಾಗ ತೋರಸ್ತೀನಿ.”

“ಅವ್ವಾರು ಅಷ್ಟ್ ದೂರದಿಂದ ಬಂದಾರ. ತೋರ್ಸು ತಂಗಿ,” ಎಂದರು ಮಾಲಕರು.

ನಾನು ಗಾಡಿಯನ್ನು ಮಾಸ್ತರರ ಫಲಕಕ್ಕೆ ಗುದ್ದಿದೆ. ಸಸ್ತಾಪುರ ಬಂಗ್ಲಾದಲ್ಲಿ ಹೊಲಕ್ಕೆ ಇಳಿಸಿದೆ. ರಾಜೇಶ್ವರದಲ್ಲಿ ಮಗುಚಿ ಹಾಕಿದೆ. ಆದರೆ ಸುತ್ತ ಕೂತವರೆಲ್ಲ ಆಟೊ ಓಡಿಸುವವರು. ನನ್ನ ಡ್ರೈವಿಂಗ್ ನೋಡಲಾಗದೆ ಚಿಟಗುಪ್ಪದವರು “ಇಲ್ಲಿ ಕೊಡ್ರಿ” ಎಂದು ಮೊಬೈಲ್ ಕಸಿದುಕೊಂಡು, ಒಂದೇ ಉಸಿರಿಗೆ ಗಾಡಿಯನ್ನು ಹುಮನಾಬಾದ್ ಬಾಜಾರಿಗೆ ಮುಟ್ಟಿಸಿ, ಅವ್ವನ ತಳ್ಳುಗಾಡಿಯ ಮುಂದೆ ಬ್ರೇಕ್ ಹಾಕಿದರು.

ಮೇಲೆ ದೊಡ್ಡ ಅಕ್ಷರದಲ್ಲಿ ‘ತಾಜಾ ಬದನಿಕಾಯಿ’. ಕೆಳಗೆ ಗಾಡಿಯ ತುಂಬ ಇಡೀ ಆಟೊ ಸಂಘ, ಒಬ್ಬೊಬ್ಬರಿಗೂ ನಾನೇ ಎಳೆದ ಕರಿ ಮೀಸೆ.

ಅವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. “ಏನೇ, ನನ್ನ ಬದನಿಕಾಯಿಗಿ ಮೀಸಿ ಯಾಕ ಬಂದಾವ?”

ನಾನು ನೆಲ ನೋಡುತ್ತ ನಿಂತೆ. ಅಧ್ಯಕ್ಷರು ನನ್ನ ಪಕ್ಕಕ್ಕೆ ಬಂದರು. ಗುಡ್ಡೆಯನ್ನು ಬಹಳ ಹೊತ್ತು ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು. “ಅಕ್ಕೋರೆ, ನಡುವ ಆ ದೊಡ್ಡ ಮೀಸಿದು ನಮ್ಮ ಉಪಾಧ್ಯಕ್ಷ ಅಲ್ಲೇನು?”

ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

“ನನಗ ಕಮಾನ್ ಮ್ಯಾಲ, ಅವಗ ಕಾಯಿಪಲ್ಯದ ಗಾಡ್ಯಾಗ. ಭೇಷ್ ಮಾಡೀರಿ,” ಎಂದು ನಗು ತಡೆದುಕೊಂಡು ಹೋಗಿ ಕೂತರು.

ಅವರು ಅತ್ತ ಸರಿದ ಮೇಲೆ ಉಪಾಧ್ಯಕ್ಷರು ಇತ್ತಿಂದ ಬಂದರು. “ಎಂಟ್ ಚುಕ್ಕಿ ಮೀಸಿ ಎಣಸೀನಿ. ಯಾರಂತ ಗೊತ್ತಾಯ್ತು. ಬಾಯಿ ಬಿಡಲ್ಲ ನಾ. ನಿಮ್ಮ ಧೈರ್ಯಕ್ಕ ಮೆಚ್ಚೀನಿ,” ಎಂದು ಮೊದಲ ಬಾರಿಗೆ ಅಧ್ಯಕ್ಷರ ಎದುರಿಗೇ ಮೀಸೆ ತಿರುವಿದರು.

ಉಳಿದವರೂ ಅಷ್ಟೇ. ತಾವು ಕಮಾನಿನ ಮೇಲಿರುವುದನ್ನು ಅದಾಗಲೇ ಕಣ್ಣಾರೆ ನೋಡಿಕೊಂಡಿದ್ದರು. ಗಾಡಿಯಲ್ಲಿ ಅವರಿಗೆ ಕಂಡವರೆಲ್ಲ ಬೇರೆಯವರೇ. ಒಬ್ಬರನ್ನೊಬ್ಬರು ಬೆರಳು ಮಾಡಿ ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ಖುಷಿಯ ವಾರ್ಷಿಕ ಸಂಘದಲ್ಲಿ ಎಂದೂ ಆಗಿರಲಿಲ್ಲ ಎಂದು ಅಧ್ಯಕ್ಷರೇ ಮೈಕಿನಲ್ಲಿ ಹೇಳಿದರು. ಮಾಲಕರು ಅಲ್ಲೇ, ಎಲ್ಲರ ಎದುರಿಗೆ, ಹುಮನಾಬಾದಿನ ಅಂಗಡಿಯನ್ನು ನನಗೆ ಕೊಟ್ಟೆ ಎಂದರು.

ವಾಪಸು ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಅವ್ವ ಮಾತ್ರ ರಾಜೇಶ್ವರ ದಾಟುವವರೆಗೆ ಏನೋ ವಿಚಾರ ಮಾಡುತ್ತಲೇ ಇದ್ದಳು.

“ಅಂಗಡಿ ಸಿಕ್ಕದ್ದು ಚಲೋ ಆಯ್ತು,” ಎಂದಳು ಕೊನೆಗೆ. “ಖರೆ, ಆ ಗುಡ್ಡ್ಯಾಗ ನಡುವ ಎರಡ್ ಇದ್ದಾವಲ್ಲ, ದೊಡ್ಡ ಮೀಸಿದವು. ಅವೆರಡೂ ತಗದ್ ಒಗಿ. ಭಾಳ ಬಲತಾವ, ಯಾರೂ ಒಯ್ಯಲ್ಲ.”